ಕೂಸು ಬಂದ ಹೊಸ್ತಿಲು

ಶಿಗ್ಗಾಂವಿ, ೧೨ ನವೆಂಬರ್ ೧೯೪೩, ಶುಕ್ರವಾರ

“ನಮ್ಮ ಸೊಸಿ ಹಡದಿಲ್ರಿ, ಡಾಕ್ಟರು ತಗದಾರ.” ಕೂಸು ನೋಡಲು ಬಂದ, ನನ್ನ ತಂಗಿ ನೀಲವ್ವನ ಅತ್ತೆ ಆಡಿದ ಈ ಮಾತು ಇನ್ನೂ ಚುಚ್ಚುತ್ತಿದೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿ, ತಿಂಗಳಾದ ಮೇಲೆ ತಂಗಿಯನ್ನು ನಿನ್ನೆ ತವರಿಗೆ ಕರೆತಂದೆವು. ನನ್ನ ಮೂವರು ಮಕ್ಕಳನ್ನು ನಾನು ಇದೇ ಕೋಣೆಯಲ್ಲಿ ಹಗ್ಗ ಹಿಡಿದು, ಕೂಗಿ ಕೂಗಿ ಹಡೆದವಳು. ಅವಳಿಗೋ ಔಷಧದ ನಿದ್ದೆ. “ಅಕ್ಕಾ, ನಾ ತಾಯಿ ಆದದ್ದು ನನಗ ಗೊತ್ತಾಗಲಿಲ್ಲ” ಎಂದು ಅತ್ತಳು.

ದವಾಖಾನೆಯಲ್ಲಿ ತಪ್ಪಿಹೋದ ಐದನೇ ದಿನದ ಪೂಜೆ ಮಾಡಿಸಲು ಸಂಜೆ ಸೂಲಗಿತ್ತಿ ದಾನವ್ವ ಬಂದಳು. ಹೊಕ್ಕಳಬಳ್ಳಿ ಕೊಯ್ದ ಕುಡಗೋಲಿಗೆ ಪೂಜೆ ಮಾಡುವುದು ನಮ್ಮ ಪದ್ಧತಿ. ರೂಢಿಯಂತೆ ತನ್ನ ಕುಡಗೋಲನ್ನೇ ಮಣೆಯ ಮೇಲಿಟ್ಟು, ನಾಲಿಗೆ ಕಚ್ಚಿಕೊಂಡಳು.

“ಅಯ್ಯ, ಇದೇನೂ ಕೊಯ್ದಿಲ್ಲ, ಇದಕ್ಯಾಕ ಪೂಜಿ?”

ಆಮೇಲೆ ನೀಲವ್ವನ ಸೀರೆ ಸರಿಸಿ, ಹೊಕ್ಕಳ ಕೆಳಗಿನ ಹೊಲಿಗೆಯ ಗೆರೆಯನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿದಳು.

“ಯವ್ವಾ, ಎಷ್ಟ ಮಂದೀದು ಬಾಣಂತನ ಮಾಡೇನಿ, ಇಂಥಾ ಹೊಸ್ತಲಾ ನೋಡಿರಲಿಲ್ಲ. ಇದನ್ನ ದಾಟಿ ಬಂದೈತಿ ನಿನ್ನ ಕೂಸು.”

ಮನೆಯ ಹೊಸ್ತಿಲಿಗೆ ಹಚ್ಚುವ ಹಾಗೆಯೇ ಗೆರೆಯ ಎರಡೂ ತುದಿಗೆ ಅರಿಸಿನ ಕುಂಕುಮ ಹಚ್ಚಿ, ಮುಟ್ಟಿ ಕಣ್ಣಿಗೊತ್ತಿಕೊಂಡಳು. ನೀಲವ್ವ ತಲೆ ಬಗ್ಗಿಸಿ, ಇಷ್ಟು ದಿನ ನೋಡಲೊಲ್ಲದ ತನ್ನ ಹೊಟ್ಟೆಯನ್ನು ಮೊದಲ ಸಲ ನೋಡಿಕೊಂಡಳು. ಅತ್ತೆ ಕೂಸಿನ ಕುಲಾವಿ ಸರಿಮಾಡತೊಡಗಿದಳು.

ಈಗ ನನ್ನ ಹೊಟ್ಟೆಯ ಮೇಲೆ ಕೈಯಾಡಿಸಿದೆ. ಮೂವರು ದಾಟಿ ಬಂದರು, ಬಾಗಿಲೆಲ್ಲಿತ್ತು ಎಂಬ ಗುರುತೂ ಇಲ್ಲ. ಈ ಕಾಣದ ಬಾಗಿಲು ಹೆಚ್ಚಿನ ಬೆರಗೋ, ಅವಳ ಗೆರೆಯ ಹೊಸ್ತಿಲೋ…