ನೂರರಲ್ಲಿ ಏಳು ಕಳೆದರೆ

ಚಾಮರಾಜಪೇಟೆ
13 ಜೂನ್ 2024, ಗುರುವಾರ ಬೆಳಗ್ಗೆ

ಪ್ರೀತಿಯ ಯಶೂ,

ಕ್ಷೇಮಸಮಾಚಾರ ಆಮೇಲೆ. ಮೊದಲು ಇದನ್ನು ಓದು: ನಿಮ್ಮತ್ತೆ ತಿಮ್ಮಕ್ಕನವರಿಗೆ ಮರೆವಿಗೆ ಅಂತ ಈಗ ಕೊಡುತ್ತಿರುವ ಮಾತ್ರೆ ನಿಲ್ಲಿಸಬೇಡ. ಅಮ್ಮನಿಗೆ ಕೊಡುತ್ತಿರುವ ಹೊಸ ಮಾತ್ರೆಯ ಪರೀಕ್ಷೆಗೆ ಸೇರಿಸಲು ಶನಿವಾರ ಅವರನ್ನು ತುಮಕೂರಿನಿಂದ ಕರೆದುಕೊಂಡು ಬರುವುದೂ ಬೇಡ.

ಫೋನಿನಲ್ಲೇ ಹೇಳಬಹುದಿತ್ತು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ನೀನು, ನೆನಪು ಅಳೆಯುವ ಪ್ರಶ್ನೆಗಳಲ್ಲಿ ಅಮ್ಮನ ನಂಬರ್ ಮೂವತ್ತಕ್ಕೆ ಹದಿನಾರರಿಂದ ಇಪ್ಪತ್ತಮೂರಕ್ಕೆ ಏರಿದ ಖುಷಿಯಲ್ಲೇ ಮಾತು ಮುಗಿಸಿದೆ. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಇನ್ನೊಂದು ಗಂಟೆಗೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಗ್ಯಾಸ್ ಆರಿಸಿದ್ದೇನಾ ಅಂತ ನೋಡಿಬಂದೆ.

ಈ ಪರೀಕ್ಷೆ ನಡೆಸುವ ಡಾಕ್ಟರ್ ಅನಿಲ್ ಕುಮಾರ್ ಏನೂ ಮುಚ್ಚಿಟ್ಟಿರಲಿಲ್ಲ. ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಬಂದು ತಟ್ಟುವ ಬಾಗಿಲುಗಳಿವೆಯಂತೆ, ಗ್ರಾಹಕ ಅನ್ನುತ್ತಾರೆ. ಅವುಗಳಲ್ಲಿ ಒಂದು ಬಗೆಯದನ್ನು ಮುಚ್ಚಿದರೆ ನೆನಪಿಗೆ ಬೇಕಾದ ಬೇರೆ ರಾಸಾಯನಿಕ ಹೆಚ್ಚಾಗಬಹುದು ಅನ್ನುವ ಆಸೆ. ಇಂಥ ಕೆಲವು ಮಾತ್ರೆಗಳು ಹಿಂದೆ ಕೈಕೊಟ್ಟಿವೆ, ಇದೂ ಬರೀ ಪರೀಕ್ಷೆ, ಅರ್ಧ ಜನಕ್ಕೆ ಸಿಗುವುದು ಔಷಧಿಯೇ ಇಲ್ಲದ ಮಾತ್ರೆ, ಯಾರಿಗೆ ಯಾವುದು ಅಂತ ತನಗೂ ಗೊತ್ತಿರುವುದಿಲ್ಲ ಅಂದರು. ತಲೆಯಾಡಿಸಿ ಸಹಿ ಹಾಕಿದೆ. ಅಮ್ಮನಿಗೆ ಮಾತ್ರ ಅಸಲಿಯೇ ಸಿಗುತ್ತದೆ ಅಂತ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಮೊದಲ ದಿನ ನರ್ಸ್ ನೂರರಲ್ಲಿ ಏಳು ಕಳೆದರೆ ಎಷ್ಟು ಅಂತ ಕೇಳಿದಾಗ ಅಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ಮೂವತ್ತೈದು ವರ್ಷ ಕಾರ್ಪೊರೇಷನ್ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ನಾರಾಯಣಮ್ಮ ಮೇಡಂ! ಮನೆಗೆ ಬಂದು ಮಗ್ಗಿಯ ಥರ ರಾಗ ಹಾಕಿ ಹೇಳಿಕೊಟ್ಟೆ: ನೂರು, ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಮಗ್ಗಿ ಅಂದರೆ ಅವಳಿಗೆ ಈಗಲೂ ಪ್ರಾಣ, ತಲೆ ತೂಗುತ್ತಾ ಕಲಿತಳು. ನೆನಪಿಡಿ ಅಂತ ಕೊಟ್ಟಿದ್ದ ಮೂರು ಪದಗಳನ್ನೂ, ಅವರು ಕೇಳುವ ಇಸವಿಯನ್ನೂ, ಆಸ್ಪತ್ರೆಯ ಮಹಡಿಯನ್ನೂ ಅದೇ ರಾಗಕ್ಕೆ ಸೇರಿಸಿದೆ. ಮೂರು ತಿಂಗಳು ದಿನಾ ಕಾಫಿಯ ಜೊತೆ ಪಾಠ. ಆ ಏಳು ನಂಬರ್ ಮಾತ್ರೆಯದಲ್ಲ ಕಣೇ, ನನ್ನದು.

ಮಾತ್ರೆ ಸ್ವಲ್ಪವಾದರೂ ಕೆಲಸ ಮಾಡಿತೋ ಇಲ್ಲವೋ, ಅಮ್ಮನನ್ನು ನೋಡಿ ಇನ್ನು ಯಾರೂ ಹೇಳಲಾರರು. ಅದನ್ನು ಕೆಡಿಸಿದವಳು ನಾನು. ಹೇಳಿಬಿಟ್ಟರೆ ಅಮ್ಮನ ಹೆಸರು ತೆಗೆದುಹಾಕುತ್ತಾರೋ ಏನೋ. ಸಿಗುತ್ತಿರುವುದು ಅಸಲಿ ಮಾತ್ರೆಯೇ ಆಗಿದ್ದರೆ? ಈ ಯೋಚನೆಯಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಆದರೂ ನಿಮ್ಮತ್ತೆಯ ವಿಷಯ ಬಂದ ಮೇಲೆ ಸುಮ್ಮನಿರಲು ಭಯವಾಗುತ್ತಿದೆ. ಇವತ್ತು ಡಾಕ್ಟರಿಗೆ ಹೇಳಿಬಿಡುತ್ತೇನೆ. ನೀನು ಬೈಯುವುದಿದ್ದರೆ ಸಂಜೆ ಬೈ.

ನಿನ್ನ ಅಕ್ಕ,
ಕೋಕಿಲಾ

ತಾ.ಕ.: ಮಧ್ಯಾಹ್ನ ಒಂದೂವರೆ. ಬೆಳಗ್ಗೆ ಇದನ್ನು ಕಳಿಸಲು ಧೈರ್ಯ ಬರಲಿಲ್ಲ, ಈಗ ಕಳಿಸುತ್ತಿದ್ದೇನೆ. ಡಾಕ್ಟರ ಎದುರು ನಾನು ಹೇಳಲೇ ಇಲ್ಲ. ಅಮ್ಮ ಎಪ್ಪತ್ತೊಂಬತ್ತರವರೆಗೆ ರಾಗವಾಗಿ ಹೇಳಿ ತಟ್ಟನೆ ನಿಲ್ಲಿಸಿದಳು. ನನ್ನ ಕಡೆ ಬೆರಳು ತೋರಿಸಿ, ಇದು ಈ ಹುಡುಗಿ ಮನೇಲಿ ಹೇಳ್ಕೊಟ್ಟಿದ್ದು, ನಂಬರ್ ಹಾಕ್ಬೇಡಿ ಅಂದಳು. ಆಮೇಲೆ ಡಾಕ್ಟರ ಕಡೆ ಬಗ್ಗಿ, ಇವಳನ್ನ ಬೈಬೇಡಿ, ಪಾಪ, ಇವಳಮ್ಮಂಗೆ ಹುಷಾರಿಲ್ವಂತೆ ಅಂದಳು.