ಮನೆಯೊಳಗೆ ಓಡುವ ಬಸ್ಸು

ಮನೆ, ಮುಂದಿನ ಕಿಟಕಿಯ ಬಿಸಿಲಿನಲ್ಲಿ ಕೂತು
ಜನವರಿ ೧೭, ಶನಿವಾರ

ನನ್ನ ಪ್ರೀತಿಯ ಹಾರ್ನಮ್ಮಾ,

ಹೇಗಿದ್ದೀಯ ಮಗಳೇ? ಈಗಲೂ ನಿನಗೆ ಬೆಳಗಿನ ಪಾಳಿಯನ್ನೇ ಹಾಕುತ್ತಿದ್ದಾರಾ? ಸೊಂಟ ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದೆ. ಸೀಟನ್ನು ಸ್ವಲ್ಪ ಮುಂದಕ್ಕೆ ಎಳೆದುಕೋ; ಕ್ಲಚ್ ಒತ್ತುವಾಗ ಮಂಡಿ ಪೂರ್ತಿ ನೆಟ್ಟಗಾಗಬಾರದು. ಈ ಚಳಿಯಲ್ಲಿ ಮುಂಜಾನೆ ಸ್ಟೀರಿಂಗ್ ಹಿಡಿದರೆ ಬೆರಳುಗಳು ನನ್ನವೋ ಬೇರೆಯವರವೋ ಎನ್ನಿಸುತ್ತದೆ, ಅದೆಲ್ಲ ನನಗೆ ಗೊತ್ತು. ಖಾಲಿ ಹೊಟ್ಟೆಯಲ್ಲಿ ಗಾಡಿ ತೆಗೆಯಬೇಡ, ಏನಾದರೂ ಬಿಸಿಯಾಗಿ ಕುಡಿದೇ ಹತ್ತು. ಹಾರ್ನಮ್ಮ ಎಂದು ಕರೆಯಬೇಡಿ, ಈಗ ನಾನೂ ಡ್ರೈವರ್ ಎಂದು ಕಳೆದ ಸಲ ಮುಖ ಊದಿಸಿಕೊಂಡಿದ್ದೆ. ಏನು ಮಾಡಲಿ, ತೊಟ್ಟಿಲಲ್ಲಿ ಮಲಗಿ ನೀನು ಅತ್ತರೆ ಬೀದಿಯ ಸೈಕಲ್ಲುಗಳು ಪಕ್ಕಕ್ಕೆ ಸರಿಯುತ್ತಿದ್ದವು. ಆ ಹೆಸರು ನಾನಿಟ್ಟದ್ದಲ್ಲ, ನೀನೇ ಸಂಪಾದಿಸಿದ್ದು.

ನಿನ್ನ ಪತ್ರ ತಲುಪಿತು. ನಿಮ್ಮಮ್ಮ ಓದಿ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಅಂದರೆ ಅಳುವುದಕ್ಕೆ ಹೋದಳು ಎಂದರ್ಥ. ಅಪ್ಪನ ಎದೆ ಮೊದಲಿನಂತಿಲ್ಲ, ಚಳಿಗಾಲದಲ್ಲಿ ಮತ್ತೆ ಏನಾದರೂ ಆದರೆ ಎರಡು ಗಂಟೆ ದೂರದಲ್ಲಿ ನಾನು ಬಸ್ಸು ಓಡಿಸುತ್ತಾ ಕೂತಿದ್ದು ಏನು ಪ್ರಯೋಜನ ಎಂದು ಕೇಳಿದ್ದೀಯ. ನಮ್ಮೂರಿನ ಡಿಪೋ ಆಫೀಸಿನಲ್ಲಿ ಮೇಜಿನ ಕೆಲಸವೊಂದು ಖಾಲಿಯಿದೆ, ಅದಕ್ಕೆ ಅರ್ಜಿ ಬರೆದಿಟ್ಟಿದ್ದೀಯ, ತಿಂಗಳ ಕೊನೆಗೆ ಕೊಟ್ಟುಬಿಡುತ್ತೀಯ. ನಿನ್ನ ಪ್ರೀತಿಗೆ ಎರಡು ಮಾತಿಲ್ಲ. ಆದರೆ ಸ್ಟೀರಿಂಗ್ ಬಿಟ್ಟು ಮೇಜಿಗೆ ಹೋದವರು ಮತ್ತೆ ಸ್ಟೀರಿಂಗ್ ಹಿಡಿದದ್ದನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಕಂಡಿಲ್ಲ. ಲೈಸೆನ್ಸಿಗಾಗಿ ನೀನು ಪಟ್ಟ ಪಾಡು, ಗ್ರೌಂಡಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವ ಪರೀಕ್ಷೆಯ ದಿನ ನೀನು ಕನ್ನಡಿಯನ್ನು ಮತ್ತೆ ಮತ್ತೆ ಒರೆಸಿದ್ದು, ಪಾಸಾದ ಮೇಲೆ ಕುಣಿದದ್ದು, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೇ ಕೇಳುತ್ತಿದ್ದೇನೆ: ಅರ್ಜಿ ಕೊಡುವ ಮೊದಲು ಈ ಪತ್ರವನ್ನು ಪೂರ್ತಿ ಓದು. ಮಧ್ಯದಲ್ಲೆಲ್ಲೋ ಇಳಿಯಬೇಡ, ಕೊನೆಯ ಸ್ಟಾಪಿನವರೆಗೂ ಬಾ.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ನಾನು ಹೇಗಿದ್ದೆ ಎಂದು ನೀನು ನೋಡಿಕೊಂಡೇ ಹೋಗಿದ್ದೀಯ. ನ್ಯುಮೋನಿಯಾ ಹೋಗಿತ್ತು, ಆದರೆ ಹೋಗುವಾಗ ನನ್ನ ಗಾಳಿಯನ್ನೆಲ್ಲ ಬಿಚ್ಚಿಕೊಂಡು ಹೋಗಿತ್ತು. "ಚಳಿ ಮುಗಿಯೋವರೆಗೂ ಬೆಳಗಿನ ಮಂಜಲ್ಲಿ ಹೊರಗೆ ಕಾಲಿಡಬೇಡಿ. ಹಾಗಂತ ಮಂಚ ಹಿಡೀಬೇಡಿ, ಮನೇಲೇ ಓಡಾಡಿ" ಎಂದರು ಡಾಕ್ಟರು. ಹೇಳುವುದು ಸುಲಭ. ಹೊತ್ತು ಮೂಡುವುದೇ ತಡವಾಗಿ, ಮೂಡಿದ ಹೊತ್ತು ನಿಲ್ಲುವುದೂ ಇಲ್ಲ. ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿದರೆ ದಿನ ಮುಗಿದೇ ಹೋಗುತ್ತಿತ್ತು. ನಿಮ್ಮಮ್ಮನ ಕಾಟ ತಾಳಲಾರದೆ ಮಲಗುವ ಕೋಣೆಯಿಂದ ಬಾಗಿಲವರೆಗೆ, ಬಾಗಿಲಿಂದ ಕೋಣೆಯವರೆಗೆ ಕೆಲವು ದಿನ ತಿರುಗಿದೆ. ಬೇಜಾರಾಗಿ ಬಿಟ್ಟೆ. ಯಾಕೆ ನಿಲ್ಲಿಸಿದಿರಿ ಎಂದಳು. ಬಸ್ಸಾದರೂ ಆಗಿದ್ದರೆ ಓಡಿಸುತ್ತಿದ್ದೆ, ಹೀಗೆ ಸುಮ್ಮನೆ ಯಾಕೆ ಸುತ್ತಲಿ ಎಂದೆ. ನಿಮ್ಮಮ್ಮ ಸೌಟು ಹಿಡಿದುಕೊಂಡೇ ಬಂದು, "ಯಾರೂ ಕಾಯದೇ ಇರೋ ಸ್ಟಾಪಿಗೆ ಯಾವ ಡ್ರೈವರ್ ತಾನೇ ಹೋಗ್ತಾನೆ? ನಾಳೆಯಿಂದ ಸ್ಟಾಪಿಗೊಂದು ಪ್ಯಾಸೆಂಜರ್ ನಿಲ್ಲಿಸ್ತೀನಿ, ನೋಡೋಣ" ಎಂದಳು. ನಲವತ್ತು ವರ್ಷ ಡ್ರೈವರನ ಜೊತೆ ಬಾಳಿದವಳು ಕಣೇ, ಅವಳಿಗೆ ಯಾವ ಗುಂಡಿ ಒತ್ತಬೇಕು ಎಂದು ಚೆನ್ನಾಗಿ ಗೊತ್ತು.

ಹೀಗೆ ನಮ್ಮ ಮನೆಯೊಳಗೆ ಬಸ್ಸು ಶುರುವಾಯಿತು. ನಗಬೇಡ. ಕುಕ್ಕರ್ ಮೊದಲ ಸೀಟಿ ಹೊಡೆದರೆ ಮೊದಲ ಟ್ರಿಪ್ಪು. ಮೊದಲನೆಯದು ಬಿಸಿಲು ಸ್ಟಾಪು, ಅಂದರೆ ನಾನೀಗ ಕೂತಿರುವ ಈ ಕಿಟಕಿ. ಇಲ್ಲಿ ಟೊಮ್ಯಾಟೊ ಸಸಿಗಳ ಕುಂಡಗಳು ಕಾಯುತ್ತಿರುತ್ತವೆ. ಚಳಿಗಾಲದ ಬಿಸಿಲು ಕಿಟಕಿಯ ಕಟ್ಟೆಯ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯುತ್ತದೆ, ಅದರ ಹಿಂದೆಯೇ ನಾನು ಕುಂಡಗಳನ್ನು ಸರಿಸುತ್ತಾ ಹೋಗಬೇಕು. ಒಂದೇ ಒಂದು ಹಣ್ಣಾಗಿದೆ. ನಿಮ್ಮಮ್ಮ ಅದನ್ನು ನೋಡಲು ಬಿಡುತ್ತಾಳೆ, ಕೀಳಲು ಬಿಡುವುದಿಲ್ಲ. ಎರಡನೆಯದು ಈರುಳ್ಳಿ ಸ್ಟಾಪು. ಎಲ್ಲಿ ಎಂದು ನಾನು ಹೇಳಬೇಕಿಲ್ಲ. ಮೂರನೆಯದು ಹಿಂದಿನ ಬಾಲ್ಕನಿಯ ಒದ್ದೆ ಬಟ್ಟೆ ಸ್ಟಾಪು. ಈ ಚಳಿಗೆ ದಪ್ಪ ಬಟ್ಟೆ ಒಣಗುವುದೇ ಇಲ್ಲ. ಒಂದು ಮಗ್ಗುಲು ಒಣಗಿದರೆ ಇನ್ನೊಂದು ಮಗ್ಗುಲಿಗೆ ತಿರುವಬೇಕು, ಬಿಸಿಲಿಗೆ ಯಾವುದು ಮುಂದೆ, ಯಾವುದು ಹಿಂದೆ ಎಂದು ನೋಡಬೇಕು. ಹಿಂದೆ ಇದನ್ನೆಲ್ಲ ನಿಮ್ಮಮ್ಮ ಬಗ್ಗಿ ಎದ್ದು ಮಾಡಿ ಬೆನ್ನು ಹಿಡಿದುಕೊಂಡು ಕೂರುತ್ತಿದ್ದಳು. ಈಗ ಮಹಾರಾಣಿಯ ಹಾಗೆ ಕುರ್ಚಿಯ ಮೇಲೆ ಕೂತು "ರೈಟ್, ರೈಟ್" ಎನ್ನುತ್ತಾಳೆ.

ಒಂದು ಅಪಘಾತವೂ ಆಯಿತು, ಮುಚ್ಚಿಡುವುದಿಲ್ಲ. ನಾನು ಕುಂಡ ಸರಿಸಿ ಬಾಲ್ಕನಿಯ ಕಡೆ ಹೊರಟಿದ್ದೆ. ನಿಮ್ಮಮ್ಮ ಬಚ್ಚಲಿನಿಂದ "ರೀ, ಒಲೆ ಮೇಲೆ ಹಾಲಿದೆ ನೋಡ್ರೀ" ಎಂದು ಕೂಗಿದಳು. ಆ ಟ್ರಿಪ್ಪಿನಲ್ಲಿ ಅಡುಗೆಮನೆ ದಾಟಿ ಆಗಿತ್ತು. "ಸ್ಟಾಪಲ್ಲದ ಕಡೆ ನಿಲ್ಲಿಸಲ್ಲ" ಎಂದು ಗಂಭೀರವಾಗಿ ಹೇಳಿ ಮುಂದೆ ಹೋದೆ. ಹಾಲು ಉಕ್ಕಿ, ಒಲೆ ಆರಿ, ನೆಲವೆಲ್ಲ ಹರಿಯಿತು. ಅವತ್ತು ನಿಮ್ಮಮ್ಮ ನನ್ನನ್ನು ತೊಳೆದುಹಾಕಿದ್ದು ನೆಲಕ್ಕಿಂತ ಚೆನ್ನಾಗಿ. ಅಂದಿನಿಂದ ಹೊಸ ಕಾನೂನು ಬಂದಿದೆ: ಮನೆಯೊಡತಿ ಕೈ ಅಡ್ಡ ಹಿಡಿದರೆ ಎಲ್ಲಿದ್ದರೂ ನಿಲ್ಲಬೇಕು.

ಕಷ್ಟದ ಸ್ಟಾಪು ಎಂದರೆ ಕೆಳಗಿನದು. ಕೆಳಮನೆಯ ಗಡಿಯಾರ ರಿಪೇರಿಯವರು ನಿನಗೆ ಗೊತ್ತಲ್ಲ, ಚಿಕ್ಕವಳಿದ್ದಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅವರ ಭೂತಗನ್ನಡಿ ಕಂಡು ಹೆದರಿ ಅತ್ತಿದ್ದೆಯಲ್ಲ, ಅವರೇ. ಒಬ್ಬರೇ ಇದ್ದಾರೆ. ಅವರ ಮುಂದಿನ ಕೋಣೆಗೆ ಬಿಸಿಲು ಬರುವುದು ಮಧ್ಯಾಹ್ನವೇ. ಅಲ್ಲಿಯವರೆಗೆ ಬೆರಳು ಸೆಟೆದುಕೊಂಡು ಆ ಸಾಸಿವೆಯಂಥ ತಿರುಪುಗಳನ್ನು ಹಿಡಿಯಲಾಗುವುದಿಲ್ಲ. ಬಿಸಿನೀರಿನ ಚೀಲ ತುಂಬಿ ಅವರಿಗೆ ಕೊಟ್ಟು ಬರುವುದು ನನ್ನ ನಾಲ್ಕನೆಯ ಸ್ಟಾಪು. ಇಳಿಯುವುದೇನೋ ಇಳಿದೆ. ಹತ್ತುವಾಗ ಗೊತ್ತಾಯಿತು, ನಮ್ಮ ಮೆಟ್ಟಿಲು ಘಾಟ್ ಸೆಕ್ಷನ್ನು ಎಂದು. ಮೊದಲ ದಿನ ಅರ್ಧದಲ್ಲೇ ಕೂತುಬಿಟ್ಟೆ, ಎದೆ ಹಳೇ ಇಂಜಿನ್ನಿನ ಹಾಗೆ ಸದ್ದು ಮಾಡುತ್ತಿತ್ತು. ಆಮೇಲೆ ನನಗೆ ನಾನೇ ಹೇಳಿಕೊಂಡೆ: ಘಾಟಿಯಲ್ಲಿ ಫಸ್ಟ್ ಗೇರು, ಓವರ್‌ಟೇಕ್ ಇಲ್ಲ, ಇಂಜಿನ್ ಬಿಸಿಯಾದರೆ ಪಕ್ಕಕ್ಕೆ ಹಾಕಿ ನಿಲ್ಲಿಸು. ಹಾಗೇ ಹತ್ತಿದೆ. ದಿನಾ ಹತ್ತಿದೆ.

ಆದರೆ ಒಂದು ದಿನ ಬಸ್ಸು ಹೊರಡಲೇ ಇಲ್ಲ. ಡಿಸೆಂಬರಿನ ಕೊನೆಯಲ್ಲಿ ಎದುರು ಮನೆಯೂ ಕಾಣದಂಥ ಮಂಜು ಬಿತ್ತಲ್ಲ, ಅವತ್ತು. ಕುಕ್ಕರ್ ಕೂಗಿತು, ನಾನು ಕಂಬಳಿಯನ್ನು ಇನ್ನಷ್ಟು ಮೇಲೆಳೆದುಕೊಂಡೆ. ಬಿಸಿಲೇ ಇಲ್ಲ, ಕುಂಡಕ್ಕೆ ನಾನ್ಯಾಕೆ. ಬಟ್ಟೆಯೇ ಒಗೆದಿಲ್ಲ, ಬಾಲ್ಕನಿಗೆ ಯಾಕೆ. ನಿಮ್ಮಮ್ಮ ನನ್ನ ಪಾಲಿನ ಈರುಳ್ಳಿಯನ್ನು ತಾನೇ ಹೆಚ್ಚಿಕೊಂಡಳು, ಅದು ಚುಚ್ಚಿತು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ನೋಡಿದರೆ ಗಡಿಯಾರದವರು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ನಡುಗುತ್ತಾ. "ಇವತ್ತು ಬಸ್ ಬರ್ಲಿಲ್ವಾ ಯಜಮಾನ್ರೇ?" ಎಂದು ಕೇಳಿದರು. ತಮಾಷೆ ಮಾಡಲಿಲ್ಲ ಅವರು, ನಿಜವಾಗಿ ಕೇಳಿದರು. ಕಾದು ಕಾದು ಸಾಕಾಗಿ ಮೇಲೆ ಬಂದಿದ್ದರು. ನನ್ನ ಸರ್ವೀಸಿನಲ್ಲಿ ಒಂದು ದಿನವೂ ಪ್ಯಾಸೆಂಜರನ್ನು ರಸ್ತೆಯಲ್ಲಿ ನಿಲ್ಲಿಸಿ ಗಾಡಿ ತಪ್ಪಿಸಿದವನಲ್ಲ ನಾನು. ಕಂಬಳಿ ಕಿತ್ತೆಸೆದು ಎದ್ದೆ. ಅಂದಿನಿಂದ ಇವತ್ತಿನವರೆಗೆ ಒಂದು ಟ್ರಿಪ್ಪೂ ಕ್ಯಾನ್ಸಲ್ ಆಗಿಲ್ಲ. ಇದನ್ನು ಹೇಳುವಾಗ ನನಗೆ ಎಷ್ಟು ಜಂಬ ಎಂದು ನಿಮ್ಮಮ್ಮನನ್ನು ಕೇಳು.

ಮಧ್ಯಾಹ್ನ ಊಟದ ಮೇಲೆ ಗಾಡಿ ಶೆಡ್ಡಿನಲ್ಲಿರುತ್ತದೆ. ಆ ಹೊತ್ತಿಗೆಂದು ನಿಮ್ಮಮ್ಮ ನನ್ನ ಹಳೆಯ ಯೂನಿಫಾರ್ಮಿನ ಖಾಕಿ ಸ್ವೆಟರನ್ನು ತೆಗೆದಳು. ಮೊಣಕೈ ಹರಿದು ಬೀರುವಿನ ತಳದಲ್ಲಿತ್ತು. ಇಬ್ಬರೂ ಕೂತು ಅದನ್ನು ಬಿಚ್ಚಿ, ಉಣ್ಣೆಯನ್ನು ತೊಳೆದು ಉಂಡೆ ಮಾಡಿದೆವು. ಆಮೇಲೆ ಎರಡು ಕಡ್ಡಿ ನನ್ನ ಕೈಗೆ ಕೊಟ್ಟು ಹೆಣಿಗೆ ಕಲಿಸಿದಳು. ಗೇರು ಬದಲಾಯಿಸಿ ಬದಲಾಯಿಸಿ ದಡ್ಡುಗಟ್ಟಿದ ಈ ಕೈಗೆ ಹೆಣಿಗೆ! ಕುಣಿಕೆ ತಪ್ಪಿದಾಗಲೆಲ್ಲ ಬಸ್ಸು ನಿಲ್ಲಿಸುವ ಕಂಡಕ್ಟರನ ಹಾಗೆ "ಹೋಲ್ಡಾನ್" ಎಂದು ಕಿರುಚುತ್ತಿದ್ದಳು. ಬಿಚ್ಚಿದ್ದೇ ಬಿಚ್ಚಿದ್ದು, ಹೆಣೆದದ್ದೇ ಹೆಣೆದದ್ದು. ಕೊನೆಗೂ ಒಂದು ಮಫ್ಲರು ಆಯಿತು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು, ನಡುವೆ ಒಂದು ಕಡೆ ಬೆರಳು ತೂರುವಷ್ಟು ಕಿಂಡಿ. ಆದರೂ ನಾನು ಹೆಣೆದದ್ದು. ಗಡಿಯಾರದವರು ಭೂತಗನ್ನಡಿ ಹಾಕಿಕೊಂಡು ಪರೀಕ್ಷೆ ಮಾಡಿ, "ಬೆಚ್ಚಗಿರುತ್ತೆ ಬಿಡಿ" ಎಂದರು. ಬೇರೇನೂ ಹೇಳಲಿಲ್ಲ ಪಾಪ, ಸುಳ್ಳು ಹೇಳುವ ಅಭ್ಯಾಸವಿಲ್ಲ ಅವರಿಗೆ.

ಕಳೆದ ವಾರ ಡಾಕ್ಟರ ಹತ್ತಿರ ಹೋಗಿದ್ದೆವು. ಎದೆಗೆ ಕೊಳವೆಯಿಟ್ಟು ಕೇಳಿದರು, ಬೆನ್ನಿಗಿಟ್ಟು ಕೇಳಿದರು, ಮತ್ತೆ ಎದೆಗಿಟ್ಟರು. "ಏನ್ ಮಾಡಿದ್ರಿ ಮನೇಲಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಮ್ಮ "ಬಸ್ ಓಡಿಸಿದ್ರು" ಎಂದಳು. ಅವರು ನನ್ನ ತಲೆ ಕೆಟ್ಟಿದೆಯೋ ಅವಳದೋ ಎಂದು ಇಬ್ಬರನ್ನೂ ನೋಡಿದರು. ಬಿಸಿಲು ಏರಿದ ಮೇಲೆ ಬೆಚ್ಚಗೆ ಹೊದ್ದುಕೊಂಡು ಹೊರಗೆ ಹೋಗಬಹುದು, ಎರಡು ಮೂರು ಗಂಟೆಯ ಪ್ರಯಾಣಕ್ಕೂ ತೊಂದರೆಯಿಲ್ಲ ಎಂದು ಹೇಳಿ ಕಳುಹಿಸಿದ್ದಾರೆ. ಈಗ ಘಾಟಿಯನ್ನು ಒಂದೇ ಉಸಿರಿಗೆ ಅಲ್ಲದಿದ್ದರೂ ಎಲ್ಲೂ ಕೂರದೆ ಹತ್ತುತ್ತೇನೆ. ಇಲ್ಲಿ ನಿನ್ನನ್ನು ಕಾಯುತ್ತಾ ಮಲಗಿರುವ ರೋಗಿ ಯಾರೂ ಇಲ್ಲ ಮಗಳೇ. ನನಗೂ ಡ್ಯೂಟಿ ಇದೆ. ನೀನು ಬಂದು ಕುಂಡ ಸರಿಸಿದರೆ, ನೀನು ಬಂದು ಬಟ್ಟೆ ತಿರುವಿದರೆ, ನಾನು ಮತ್ತೆ ಕಂಬಳಿಗೇ ಹೋಗಬೇಕು. ನೀನು ನಮ್ಮ ಜೊತೆಗಿರಬೇಕು ಎಂಬ ಆಸೆ ನಮಗಿಲ್ಲವೇ? ಇದೆ, ಹೊಟ್ಟೆಯ ತುಂಬ ಇದೆ. ರಜೆ ಸಿಕ್ಕಾಗ ಬಾ, ಆ ಟೊಮ್ಯಾಟೊ ನಿನಗಾಗಿಯೇ ಇಟ್ಟಿದ್ದಾಳೆ ಎಂದು ನನ್ನ ಗುಮಾನಿ.

ನಿಮ್ಮಮ್ಮ ಪಕ್ಕದಲ್ಲೇ ಕೂತಿದ್ದಾಳೆ, ಅವಳ ಮುತ್ತುಗಳನ್ನು ಇಲ್ಲಿ ಸೇರಿಸಬೇಕಂತೆ. ಗಡಿಯಾರದವರು ಕೇಳಿದ್ದೇನೆಂದು ತಿಳಿಸಿ ಎಂದಿದ್ದಾರೆ. ನಿನ್ನ ದಾರಿಯ ಮಂಜು ಬೇಗ ಕರಗಲಿ, ನಿನ್ನ ಬ್ರೇಕು ನೀನು ಹೇಳಿದಂತೆ ಕೇಳಲಿ, ಹತ್ತಿದವರೆಲ್ಲ ನಗುತ್ತಾ ಇಳಿಯಲಿ. ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆ ಎಂದುಕೋ.

ನಿನ್ನ ಅಪ್ಪ,
ಮನೆ ಬಸ್ಸಿನ ಡ್ರೈವರ್

ತಾ.ಕ.: ಗಡಿಯಾರದವರು ಅಂಚೆ ಕಚೇರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಗುರುವಾರ, ಮಧ್ಯಾಹ್ನದ ನಿನ್ನ ಟ್ರಿಪ್ಪಿನಲ್ಲಿ ಹಿಂದಿನ ಬಾಗಿಲಿನಿಂದ ಒಬ್ಬ ಮುದುಕ ಹತ್ತಿದ, ನೆನಪಿದೆಯಾ? ಕಿವಿ ಮುಚ್ಚುವ ಟೋಪಿ, ಮೂಗಿನವರೆಗೂ ಖಾಕಿ ಮಫ್ಲರು. ಮೆಟ್ಟಿಲು ಹತ್ತಿ ಕಂಬಿ ಹಿಡಿದು ಉಸಿರು ತೆಗೆದುಕೊಳ್ಳುತ್ತಾ ನಿಂತಿದ್ದ. ಕಂಡಕ್ಟರ್ ರೈಟ್ ಎಂದ, ನೀನು ಬಿಡಲಿಲ್ಲ. ಮುಂದಿನ ಸೀಟಿನವನೊಬ್ಬ "ಏನಮ್ಮಾ, ಹೊರಡಲ್ವಾ? ಹೊತ್ತಾಗ್ತಿದೆ" ಎಂದು ಗೊಣಗಿದ. ನೀನು ಕನ್ನಡಿಯಲ್ಲಿ ನೋಡುತ್ತಾ "ಹಿಂದೆ ಆ ಯಜಮಾನ್ರು ಕೂತ್ಕೊಳ್ಳಲಿ, ಆಮೇಲೆ ಬಿಡ್ತೀನಿ" ಎಂದೆ. ಕೂತ ಮೇಲೆಯೇ ಬಿಟ್ಟೆ. ಆ ಮುದುಕ ನಾನೇ ಕಣೇ. ಇಬ್ಬರೂ ನೀನಿರುವ ಊರಿಗೆ ಬಂದು, ನಿಮ್ಮಮ್ಮನನ್ನು ಅಲ್ಲಿಯ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ ಹತ್ತಿದ್ದೆ. ಹತ್ತಿಸಿದ್ದರೆ ಬಸ್ಸು ಹೊರಡುವ ಮೊದಲೇ ನಿನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಅಪ್ಪ ಕೂತಿದ್ದಾನೆ ಎಂದು ಗೊತ್ತಾದರೆ ನೀನು ಅಪ್ಪನಿಗಾಗಿ ಓಡಿಸುತ್ತಿದ್ದೆ. ಗುರುತಿಲ್ಲದ ಮುದುಕನನ್ನು ಹೇಗೆ ಕರೆದುಕೊಂಡು ಹೋಗುತ್ತೀಯ ಎಂದು ನನಗೆ ನೋಡಬೇಕಿತ್ತು. ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ಸೂ ಬಂದೆ. ಇಳಿಯುವಾಗ ಮುಂದೆ ಬಂದು ನಿನ್ನ ಬೆನ್ನು ತಟ್ಟಬೇಕೆಂದಿದ್ದೆ, ಆದರೆ ಮುಂದಿನ ಟ್ರಿಪ್ಪಿನವರು ಆಗಲೇ ನುಗ್ಗುತ್ತಿದ್ದರು, ನನ್ನ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ, ನಿನ್ನ ತಲೆಯ ಮೇಲೆ "ಚಾಲಕರೊಡನೆ ಮಾತನಾಡಬೇಡಿ" ಎಂದು ಬರೆದಿತ್ತು. ಮಗಳನ್ನು ಮಾತಾಡಿಸದೆ ಬಂದಿರಲ್ಲ ಎಂದು ನಿಮ್ಮಮ್ಮ ಮನೆಯವರೆಗೂ ಬೈದಳು. ಬೈಯಲಿ. ಆ ಅರ್ಜಿ ಹರಿದು ಹಾಕು. ಗಿರಣಿಯ ತಿರುವಿನಲ್ಲಿ ಸೆಕೆಂಡ್ ಗೇರಿಗೆ ಸ್ವಲ್ಪ ತಡವಾಗಿ ಬಂದೆ, ತಿದ್ದಿಕೋ. ಮುಂದಿನ ಸಲ ನಿಮ್ಮಮ್ಮನನ್ನೂ ಕರೆದುಕೊಂಡು ಮುಂದಿನ ಬಾಗಿಲಿನಿಂದಲೇ ಹತ್ತುತ್ತೇನೆ. ನಾವಿಬ್ಬರೂ ಕೂರುವವರೆಗೆ ಬಿಡಬೇಡ.