ಇಪ್ಪತ್ತನೆಯ ದಿನದ ಕಷಾಯ

ಒಲೆಮನೆ, ದಾವಣಗೆರೆ
ಜೂನ್ 31, 2291

ಮಾನ್ಯ ಸರ್ವಮಂಗಳಮ್ಮನವರಿಗೆ ನಮಸ್ಕಾರಗಳು.

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಿಮ್ಮ ಜೂನ್‌ಗೆ ಮೂವತ್ತೇ ದಿನ. ನಮ್ಮದಕ್ಕೆ ಒಂದು ಹೆಚ್ಚು, ಕ್ಯಾಲೆಂಡರ್ ತಿದ್ದಿದವರ ಕೃಪೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಸಲ. ಹೆಚ್ಚಿನವರು ಅದನ್ನು ತಾತ ಮುತ್ತಾತಂದಿರನ್ನು ಬೈಯಲು ಖರ್ಚು ಮಾಡುತ್ತಾರೆ. ನಾನು ಬೈಯಲು ಬರೆಯುತ್ತಿಲ್ಲ. ನಿಮ್ಮಿಂದ ಒಂದು ಸಾಲು ಬೇಕಾಗಿದೆ.

ನಾನು ಮಲ್ಲಿಕಾಂಬೆ, ರೋಗಿಗಳಿಗೆ ಕಷಾಯ ಕುದಿಸಿಕೊಡುವ ಇಲ್ಲಿನ ಒಲೆಮನೆಯ ಪಾಲಕಿ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದಿದೆ ಎಂದು ನಿಮ್ಮ ಡಾಕ್ಟರು ಹೇಳಿದ್ದರಲ್ಲ, ಆ ಕಾಯಿಲೆಯನ್ನು ನಾವು ಒಳಬೆಳೆ ಎನ್ನುತ್ತೇವೆ. ಉಂಡದ್ದರಲ್ಲಿ ಅವೇ ಪಾಲು ತಿಂದು ಹೊಟ್ಟೆ ಉಬ್ಬಿಸುತ್ತವೆ, ಉಂಡವರು ಸೊರಗುತ್ತಾರೆ. ಮಾತ್ರೆಗಳಿಗೆ ಅವು ಬಗ್ಗದೆ ನೂರು ವರ್ಷದ ಮೇಲಾಯಿತು. ಉಳಿದಿರುವುದು ನಿಮ್ಮ ನೋಟ್‌ಬುಕ್ಕಿನ ಕಷಾಯ: ಓಮ, ಒಣಶುಂಠಿ, ದಾಳಿಂಬೆ ಸಿಪ್ಪೆ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿದ್ದು. ದಿನಕ್ಕೊಂದು ಬೀದಿಯವರು ಸರದಿಯಲ್ಲಿ ಬಂದು ಸಿಪ್ಪೆ ಕುಟ್ಟುತ್ತಾರೆ, ಕುಟ್ಟುತ್ತಲೇ ಊರಿನ ಸುದ್ದಿಯನ್ನೆಲ್ಲ ಜಾಲಾಡುತ್ತಾರೆ. ರೋಗಿಗಳು ಲೋಟ ಹಿಡಿದು ಸಾಲಾಗಿ ಕೂರುತ್ತಾರೆ. ಕುಡಿದ ಮೇಲೆ ಉಸಿರುಪಟ್ಟಿಯ ಮೇಲೆ ಊದಬೇಕು. ಅದೊಂದು ಕಾಗದದ ಚೂರು. ಒಳಬೆಳೆ ಇದ್ದರೆ ನೀಲಿಗೆ ತಿರುಗುತ್ತದೆ, ಹೋಗಿದ್ದರೆ ಬೆಳ್ಳಗೇ ಇರುತ್ತದೆ.

ನಮ್ಮ ಗೋಡೆಯ ಮೇಲೆ ನಿಮ್ಮ ಹೆಸರಿನಡಿ ಒಂದು ನಿಯಮ ಕೆತ್ತಿದೆ: ಹತ್ತೊಂಬತ್ತು ದಿನ, ಮೇಲೆ ಒಂದು ಗುಟುಕೂ ಇಲ್ಲ. ನೀವು ದಿನಕ್ಕೊಂದು ಪುಟದಂತೆ ಹತ್ತೊಂಬತ್ತು ಪುಟ ಬರೆದಿದ್ದೀರಿ, ಮುಂದೆ ಖಾಲಿ. ಗುಣವಾಗಿ ನಿಲ್ಲಿಸಿದಿರಿ, ಅದಕ್ಕಿಂತ ಹೆಚ್ಚು ಕುಡಿದರೆ ಕರುಳು ಸುಡುತ್ತದೆ ಎಂದು ಹಿರಿಯರು ತೀರ್ಮಾನಿಸಿದರು. ಅಷ್ಟರಲ್ಲಿ ಗುಣವಾಗದವರನ್ನು ಗಂಜಿಮನೆಗೆ ಕಳಿಸುತ್ತೇವೆ. ಅಲ್ಲಿ ಒಂದು ವರ್ಷ ಬರೀ ತಿಳಿಗಂಜಿ. ಆಮೇಲೆ ಮತ್ತೆ ಕಷಾಯ. ಹನ್ನೊಂದು ವರ್ಷಗಳಲ್ಲಿ ನಾನು ಅರವತ್ತೆರಡು ಜನರನ್ನು ಕಳಿಸಿದ್ದೇನೆ. ವರ್ಷ ತುಂಬಿ ಮರಳಿದವರು ಒಂಬತ್ತು.

ಇಂದು ನನ್ನ ತಂಗಿ ಮಂದಾರಳ ಹತ್ತೊಂಬತ್ತನೆಯ ದಿನ. ಅವಳು ನಲ್ಲಿ ರಿಪೇರಿ ಮಾಡುವವಳು. ಈಗ ಸ್ಪ್ಯಾನರ್ ಎತ್ತುವ ಶಕ್ತಿಯೂ ಇಲ್ಲ, ಮೂವತ್ತೆಂಟು ಕಿಲೋಗೆ ಇಳಿದಿದ್ದಾಳೆ. ಮೊದಲ ದಿನ ಅವಳ ಪಟ್ಟಿ ಕಡುನೀಲಿ, ಇಂದು ತಿಳಿನೀಲಿ. ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕಾ, ನಿಮ್ಮ ಸರ್ವಮಂಗಳಮ್ಮಂಗೆ ಇಪ್ಪತ್ತು ಎಣಿಸಕ್ಕೆ ಬರ್ತಿರ್ಲಿಲ್ವಾ?" ಎಂದಳು. ನನಗೆ ನಗು ಬರಲಿಲ್ಲ. ಪಾಲಕಿಯಾದವಳು ಇಂಥದ್ದನ್ನು ಕಾಗದದಲ್ಲಿ ಬರೆಯುವ ರೂಢಿಯಿಲ್ಲ, ಆದರೂ ಬರೆಯುತ್ತೇನೆ: ನನಗೆ ಹೆದರಿಕೆಯಾಗಿದೆ. ಗಂಜಿಮನೆಯಲ್ಲಿ ಅವಳು ಒಂದು ವರ್ಷ ಉಳಿಯುವುದಿಲ್ಲ.

ಕಳೆದ ಭಾನುವಾರ ಧೂಳು ಒರೆಸಲು ಗಾಜಿನ ಪೆಟ್ಟಿಗೆಯಿಂದ ನಿಮ್ಮ ನೋಟ್‌ಬುಕ್ಕನ್ನು ತೆಗೆದೆ. ಹನ್ನೊಂದು ವರ್ಷ ಕೈಮುಗಿದಿದ್ದೆ, ಒಮ್ಮೆಯೂ ಓದಿರಲಿಲ್ಲ, ನಾಚಿಕೆಯಾಗುತ್ತದೆ. ಕೊನೆಯ ಪುಟದಲ್ಲಿ ಎರಡು ಸಾಲುಗಳಿವೆ. 'ಇವತ್ತು ಹೊಟ್ಟೆ ಸ್ವಲ್ಪ ಹಗುರ. ನಾಳೆ ಓಮ ತರಬೇಕು.' ನಮ್ಮ ಗೋಡೆಯ ಮೇಲೆ ನಿಯಮದ ಕೆಳಗೆ ನಿಮ್ಮ ಪುಟಗಳ ನಕಲೂ ಇದೆ, ಅದರಲ್ಲಿ ಮೊದಲನೆಯ ಸಾಲಷ್ಟೇ ಇದೆ. ನಕಲು ಮಾಡಿದವರು ಎರಡನೆಯದನ್ನು ಸಾಮಾನಿನ ಚೀಟಿ ಎಂದು ಬಿಟ್ಟಿರಬೇಕು. ಆದರೆ ನಾಳೆಗೆ ಓಮ ತರಬೇಕೆನ್ನುವವರು ಇವತ್ತಿಗೆ ಮುಗಿಯಿತು ಎಂದುಕೊಂಡವರಲ್ಲ. ಮರುದಿನ ಮನೆಗೆ ನೆಂಟರು ಬಂದರೋ, ಪೆನ್ನು ಸಿಗಲಿಲ್ಲವೋ, ಬರೆಯಲು ಬೇಸರವಾಯಿತೋ. ಅಥವಾ ನಿಜವಾಗಿಯೂ ಕರುಳು ಸುಟ್ಟಿತೋ.

ಇದನ್ನು ಒಲೆಮನೆ ಸಮಿತಿಯ ಅಧ್ಯಕ್ಷರಾದ ರುದ್ರಮುನಿಯಪ್ಪನವರಿಗೆ ತೋರಿಸಿದೆ. ಎರಡೂ ಸಾಲುಗಳನ್ನು ಓದಿದರು. "ಪಾಲಕಿನೇ ಗೋಡೆ ಮೇಲೆ ಅನುಮಾನ ಪಟ್ರೆ ಒಲೆಗೆ ಸೌದೆ ಯಾರಮ್ಮ ತಂದಾಕ್ತಾರೆ?" ಎಂದು ಪುಸ್ತಕ ಮುಚ್ಚಿದರು. ಅವರು ಕೆಟ್ಟವರಲ್ಲ. ನಾನು ಕಳಿಸಿದ ಅರವತ್ತೆರಡು ಜನರಲ್ಲಿ ಅವರ ಹೆಂಡತಿಯೂ ಒಬ್ಬರು, ಮರಳಿದ ಒಂಬತ್ತರಲ್ಲಿ ಆಕೆಯಿಲ್ಲ. ಗೋಡೆ ತಪ್ಪೆಂದಾದರೆ ಅವರೂ ನಾನೂ ಎದುರುಬದುರು ಕೂರುವುದು ಹೇಗೆಂದು ನನಗೂ ಗೊತ್ತಿಲ್ಲ.

ಆದ್ದರಿಂದ ಈ ಕೋರಿಕೆ. ಕಾಗದ ನಿಮ್ಮ ಇಪ್ಪತ್ತನೆಯ ದಿನದ ಸಂಜೆ ಕೈಸೇರುವಂತೆ ಗುರುತು ಹಾಕಿದ್ದೇನೆ. ದಯವಿಟ್ಟು ಮುಂದಿನ ಪುಟದಲ್ಲಿ ಒಂದು ಸಾಲು ಬರೆಯಿರಿ. ಕುಡಿದು ಒಳ್ಳೆಯದಾಗಿದ್ದರೆ ಅದನ್ನು, ಕೆಟ್ಟದಾಗಿದ್ದರೆ ಅದನ್ನು. ಅಕ್ಷರ ಚೆನ್ನಾಗಿರಬೇಕಿಲ್ಲ. ನೀವು ಬರೆದರೆ ಅದು ಇಲ್ಲಿ, ಈ ಹಳದಿಯಾದ ಹಾಳೆಯ ಮೇಲೆ ಕಾಣಿಸುತ್ತದೆ. ಬೆಳಿಗ್ಗೆ ಎದ್ದವಳೇ ಪೆಟ್ಟಿಗೆ ತೆಗೆದು ನೋಡುತ್ತೇನೆ. ಕೆಟ್ಟದಾಯಿತು ಎಂದಿದ್ದರೆ ಮಂದಾರಳ ಬಟ್ಟೆ ಮಡಿಸಿ ಗಾಡಿಗೆ ಇಡುತ್ತೇನೆ.

ಪುಟ ಖಾಲಿಯೇ ಇದ್ದರೆ, ನಿಮ್ಮ ಕೊನೆಯ ಸಾಲನ್ನೇ ಉತ್ತರವೆಂದು ಓದಿಕೊಳ್ಳುತ್ತೇನೆ. ಗಂಜಿಮನೆಯ ಗಾಡಿ ಬರುವುದು ಏಳಕ್ಕೆ. ಒಲೆ ಹೊತ್ತಿಸುವುದು ಆರಕ್ಕೆ. ಓಮ ತಂದಿಟ್ಟಿದ್ದೇನೆ.

ಇಂತು ನಿಮ್ಮ ವಿಶ್ವಾಸಿ,
ಮಲ್ಲಿಕಾಂಬೆ